ಚಲನೆಯ ನಕ್ಷೆಯಲ್ಲಿ ಥಲಾಮಸ್

ಕೈಕಾಲು ಆಡಿಸುವ ಆಜ್ಞೆ ಮಿದುಳಿನ ಹೊರಪದರದಿಂದ ಬೆನ್ನುಹುರಿಗೆ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಆ ಆಜ್ಞೆ ರೂಪುಗೊಳ್ಳುವುದರಲ್ಲಿ ಕಿರುಮಿದುಳಿಗೂ ಬೇಸಲ್ ಗ್ಯಾಂಗ್ಲಿಯಾ ಎಂಬ ಒಳಗಿನ ನರಗಂಟುಗಳಿಗೂ ದೊಡ್ಡ ಪಾಲಿದೆ. ಇವೆರಡೂ ಹೊರಪದರವನ್ನು ತಲುಪುವ ಮುಖ್ಯ ದಾರಿ ಮಿದುಳಿನ ನಟ್ಟನಡುವಿನ ಥಲಾಮಸ್. ಅಲ್ಲಿ ಯಾರ ತಂತು ಎಲ್ಲಿಗೆ ಸೇರುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿ ಸುಮಾರು ಒಂದು ಶತಮಾನವಾಯಿತು. ಹುಡುಕುವ ಸಾಧನ ಬದಲಾದಾಗಲೆಲ್ಲ ಉತ್ತರವೂ ಬದಲಾಗಿದೆ.

ಚಲನೆಯ ಕೇಂದ್ರಗಳು ಹೊರಪದರದಲ್ಲಿವೆ ಎಂಬುದು ಮೊದಲೇ ಗೊತ್ತಿತ್ತು. 1870ರಲ್ಲಿ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಯ ಮಿದುಳಿಗೆ ವಿದ್ಯುತ್ ತಾಗಿಸಿ ಇದನ್ನು ತೋರಿಸಿದ್ದರು. ಡೇವಿಡ್ ಫೆರಿಯರ್ ಅದನ್ನು ಕೋತಿಗಳಿಗೆ ವಿಸ್ತರಿಸಿದ. 1909ರಲ್ಲಿ ಬ್ರಾಡ್‌ಮನ್ ಹೊರಪದರಕ್ಕೆ ಅಂಕಿ ಹಾಕಿದಾಗ ಈ ಪ್ರದೇಶಗಳು 4 ಮತ್ತು 6 ಆದವು. ಥಲಾಮಸ್‌ನ ಸರದಿ ತಡವಾಗಿ ಬಂತು. 1938ರಲ್ಲಿ ಅರ್ಲ್ ವಾಕರ್ ಬರೆದ ವಾನರ ಥಲಾಮಸ್ ಕುರಿತ ಪುಸ್ತಕದ ಹಿಂದಿದ್ದ ವಿಧಾನ ಸರಳ, ಒರಟು: ಹೊರಪದರದ ಒಂದು ಭಾಗವನ್ನು ತೆಗೆದುಹಾಕುವುದು, ಆಮೇಲೆ ಥಲಾಮಸ್‌ನಲ್ಲಿ ಯಾವ ಕೋಶಗಳು ಸೊರಗಿವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಥಲಾಮಸ್‌ನ ಮುಂಭಾಗದ ಕೆಳಪಾರ್ಶ್ವದ ಬೀಜಗುಂಪುಗಳಿಗೂ ಚಲನೆಗೂ ನಂಟಿದೆ ಎಂಬುದು ಇಷ್ಟರಿಂದಲೇ ಸ್ಪಷ್ಟವಾಯಿತು.

1952ರಲ್ಲಿ ಓಲ್‌ಷೆವ್‌ಸ್ಕಿ ರೀಸಸ್ ಕೋತಿಯ ಥಲಾಮಸ್ಸನ್ನು ಇನ್ನಷ್ಟು ಸಣ್ಣ ಹೋಳುಗಳಾಗಿ ವಿಂಗಡಿಸಿ ವಿಎಲ್‌ಓ, ವಿಪಿಎಲ್‌ಓ, ಎಕ್ಸ್ ಎಂದೆಲ್ಲ ಹೆಸರಿಟ್ಟ. ಮನುಷ್ಯನ ಮಿದುಳಿಗೆ ಹಾಸ್ಲರ್ ಕೊಟ್ಟ ಹೆಸರುಗಳೇ ಬೇರೆ. ಒಂದೇ ಜಾಗಕ್ಕೆ ಎರಡು ಮೂರು ಹೆಸರು ಅಂಟಿಕೊಂಡು, ಒಬ್ಬರ ಪ್ರಬಂಧವನ್ನು ಇನ್ನೊಬ್ಬರದರ ಪಕ್ಕ ಇಟ್ಟು ಓದುವುದೇ ಕಷ್ಟವಾಯಿತು. ಆ ತಲೆನೋವು ಇಂದಿಗೂ ತೀರಿಲ್ಲ.

ಶಸ್ತ್ರವೈದ್ಯರು ನಕ್ಷೆ ಪೂರ್ಣವಾಗಲೆಂದು ಕಾದು ಕೂರಲಿಲ್ಲ. ಪಾರ್ಕಿನ್ಸನ್ ರೋಗಿಗಳ ನಡುಕ ನಿಲ್ಲಿಸಲು 1950ರ ದಶಕದಲ್ಲೇ ಥಲಾಮಸ್‌ನ ಸಣ್ಣ ಚುಕ್ಕೆಯೊಂದನ್ನು ನಾಶಪಡಿಸತೊಡಗಿದ್ದರು. ಬೆಂಗಳೂರಿನಲ್ಲಿ ಡಾ. ಆರ್. ಎಂ. ವರ್ಮ ತಲೆಬುರುಡೆಗೆ ತೂತು ಕೊರೆಯದೆ, ಅದರ ತಳದಲ್ಲಿ ಸಹಜವಾಗಿಯೇ ಇರುವ ಫೊರಾಮೆನ್ ಓವೇಲ್ ಎಂಬ ರಂಧ್ರದ ಮೂಲಕ ಒಳಹೋಗುವ ತಮ್ಮದೇ ವಿಧಾನ ರೂಪಿಸಿದರು. ಮುಂದೆ ಅವರು ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದರು. ಚಿಕಿತ್ಸೆ ಮುಂದೆ, ಅಂಗರಚನಾಶಾಸ್ತ್ರ ಹಿಂದೆ.

ನಿಜವಾದ ತಿರುವು 1970ರ ದಶಕದ್ದು. ಕುದುರೆಮೂಲಂಗಿಯಿಂದ ತೆಗೆದ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಹೊರಪದರದಲ್ಲಿ ಚುಚ್ಚಿದರೆ ನರತಂತುವಿನ ತುದಿ ಅದನ್ನು ಹೀರಿಕೊಂಡು ತಾಯಿಕೋಶದವರೆಗೆ ಒಯ್ಯುತ್ತದೆ. ಸೊರಗಿದ ಕೋಶಗಳನ್ನು ನೋಡಿ ಊಹಿಸುವ ಬದಲು ಬಣ್ಣ ಹಿಡಿದ ಕೋಶಗಳನ್ನು ಒಂದೊಂದಾಗಿ ಎಣಿಸಬಹುದಾಯಿತು. ಇದನ್ನು ಬಳಸಿ ಷೆಲ್ ಮತ್ತು ಸ್ಟ್ರಿಕ್ 1984ರಲ್ಲಿ ಮುಂದಿಟ್ಟ ಚಿತ್ರ ಬಹಳ ಅಚ್ಚುಕಟ್ಟು: ಕಿರುಮಿದುಳಿನ ಒಂದು ಹರಿವು ವಿಪಿಎಲ್‌ಓ ದಾಟಿ ಪ್ರಾಥಮಿಕ ಚಲನಾ ಪ್ರದೇಶಕ್ಕೆ, ಇನ್ನೊಂದು ಎಕ್ಸ್ ದಾಟಿ ಅದರ ಮುಂದಿನ ಪ್ರೀಮೋಟರ್ ಪ್ರದೇಶಕ್ಕೆ, ಬೇಸಲ್ ಗ್ಯಾಂಗ್ಲಿಯಾದ್ದು ವಿಎಲ್‌ಓ ಮೂಲಕ ಮಿದುಳಿನ ಒಳಮಗ್ಗುಲ ಪೂರಕ ಚಲನಾ ಪ್ರದೇಶಕ್ಕೆ. ಮೂರು ಕಾಲುವೆ, ಮೂರು ಗದ್ದೆ. ಎರಡು ವರ್ಷಗಳ ನಂತರ ಅಲೆಕ್ಸಾಂಡರ್, ಡಿಲಾಂಗ್ ಮತ್ತು ಸ್ಟ್ರಿಕ್ ಬೇಸಲ್ ಗ್ಯಾಂಗ್ಲಿಯಾವನ್ನೂ ಹೊರಪದರವನ್ನೂ ಜೋಡಿಸುವ, ಒಂದಕ್ಕೊಂದು ಬೆರೆಯದ ಸಮಾಂತರ ಮಂಡಲಗಳ ಸಿದ್ಧಾಂತ ಮಂಡಿಸಿದರು.

ಇಷ್ಟು ಚೆಂದದ ಚಿತ್ರ ಪೂರ್ತಿ ನಿಲ್ಲಲಿಲ್ಲ. ಅದನ್ನು ಸಡಿಲಿಸಿದವರಲ್ಲಿ ಸ್ಟ್ರಿಕ್ ತಂಡವೇ ಮುಂದಿತ್ತು ಎಂಬುದು ನನಗೆ ಈ ಕ್ಷೇತ್ರದಲ್ಲಿ ಮೆಚ್ಚುಗೆಯಾಗುವ ಸಂಗತಿ. ಕಿಣ್ವದ ಬಣ್ಣ ಒಂದು ಕೋಶದಲ್ಲೇ ನಿಲ್ಲುತ್ತದೆ. ವೈರಸ್ ನರಸಂಧಿಯನ್ನೂ ದಾಟಿ ಮುಂದಿನ ಕೋಶಕ್ಕೆ ಹೋಗುತ್ತದೆ. 1993ರಲ್ಲಿ ಹೂವರ್ ಮತ್ತು ಸ್ಟ್ರಿಕ್ ಹರ್ಪಿಸ್ ವೈರಸ್ಸಿನ ಈ ಗುಣವನ್ನು ಬಳಸಿದಾಗ ಬೇಸಲ್ ಗ್ಯಾಂಗ್ಲಿಯಾದ ಸಂದೇಶ ಪ್ರಾಥಮಿಕ ಚಲನಾ ಪ್ರದೇಶಕ್ಕೂ ತಲುಪುವುದು ಕಂಡಿತು. 2005ರಲ್ಲಿ ರೇಬೀಸ್ ವೈರಸ್ ಇನ್ನೂ ಅನಿರೀಕ್ಷಿತವಾದದ್ದನ್ನು ತೋರಿಸಿತು: ಕಿರುಮಿದುಳು ಥಲಾಮಸ್ ಮೂಲಕ ಬೇಸಲ್ ಗ್ಯಾಂಗ್ಲಿಯಾದ ಜೊತೆಗೇ ಸಂಪರ್ಕ ಹೊಂದಿದೆ. ಅಲ್ಲಿಯವರೆಗೆ ಇವೆರಡೂ ಭೇಟಿಯಾಗುವುದು ಹೊರಪದರದಲ್ಲಿ ಮಾತ್ರ ಎಂದು ನಂಬಲಾಗಿತ್ತು.

ಇಷ್ಟೆಲ್ಲ ಥಲಾಮಸ್‌ನಿಂದ ಮೇಲಕ್ಕೆ ಹೋಗುವ ತಂತುಗಳ ಮಾತು. ಹೊರಪದರದಿಂದ ಕೆಳಕ್ಕೆ ಮರಳುವ ತಂತುಗಳನ್ನು ಬಹುಕಾಲ ಬರೀ ಪ್ರತಿಧ್ವನಿ ಎಂದೇ ಎಣಿಸಿದ್ದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ಅಲಕ್ಷ್ಯ ಇದು. ಆರನೆಯ ಪದರದ ಕೋಶಗಳು ಕಳಿಸುವ ಸಣ್ಣ ತುದಿಗಳು ಥಲಾಮಸ್‌ನ ಏರಿಳಿತವನ್ನು ಹದಗೊಳಿಸುತ್ತವೆ. ಐದನೆಯ ಪದರದಿಂದ ಬರುವ ದೊಡ್ಡ ತುದಿಗಳು ತಾವೇ ಸಂದೇಶ ಹೊತ್ತು ತರುತ್ತವೆ ಎಂಬುದು ಷರ್ಮನ್ ಮತ್ತು ಗಿಲೆರಿಯವರ ವಾದ. ಇದನ್ನು ಒಪ್ಪಿದರೆ ಹೊರಪದರದ ಒಂದು ಪ್ರದೇಶ ಇನ್ನೊಂದರೊಡನೆ ವ್ಯವಹರಿಸಲು ಥಲಾಮಸ್ಸೂ ಒಂದು ದಾರಿಯಾಗುತ್ತದೆ. ಕೋತಿಗಳಲ್ಲಿ ಮ್ಯಾಕ್‌ಫಾರ್ಲೆಂಡ್ ಮತ್ತು ಹೇಬರ್ 2002ರಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ಮರಳುವ ತಂತುಗಳು ತಮಗೆ ಸಂದೇಶ ಕಳಿಸಿದ ಜಾಗಕ್ಕಷ್ಟೇ ಹೋಗದೆ ಅದರಾಚೆಗೂ ಹರಡಿರುತ್ತವೆ.

1987ರಲ್ಲಿ ಗ್ರೆನೋಬಲ್‌ನಲ್ಲಿ ಬೆನಾಬಿದ್ ಥಲಾಮಸ್ಸನ್ನು ಸುಡುವ ಬದಲು ಅದಕ್ಕೆ ವಿದ್ಯುತ್ ಕಂಪನ ಕೊಟ್ಟು ನಡುಕ ತಗ್ಗಿಸಿದ ವರದಿ ಪ್ರಕಟಿಸಿದ ಮೇಲೆ ಈ ನಕ್ಷೆಯ ಬೆಲೆ ಹೆಚ್ಚಿದೆ. ವಿದ್ಯುದಗ್ರ ಒಂದೆರಡು ಮಿಲಿಮೀಟರ್ ಸರಿದರೂ ಫಲಿತಾಂಶ ಬೇರೆಯಾಗುತ್ತದೆ. ಬದುಕಿರುವ ಮನುಷ್ಯನ ಮಿದುಳಿಗೆ ಇಂಥ ವೈರಸ್ ಚುಚ್ಚಿ ದಾರಿ ಹುಡುಕುವಂತಿಲ್ಲ. ಎಂಆರ್‌ಐ ತಂತುಗಳ ಕಟ್ಟನ್ನು ತೋರಿಸುತ್ತದೆ, ಆದರೆ ಸಂದೇಶ ಯಾವ ಕಡೆಯಿಂದ ಯಾವ ಕಡೆಗೆ ಎಂದು ಹೇಳಲಾರದು. ಅಷ್ಟರಮಟ್ಟಿಗೆ ಮನುಷ್ಯನ ನಕ್ಷೆ ಇನ್ನೂ ಕೋತಿಯ ಮಿದುಳಿನಿಂದ ಪಡೆದ ಸಾಲ.