ತೀರ್ಪು ಮತ್ತು ಟೇಪು: ಕಿಂಗ್ ಕ್ರಿಮ್ಸನ್ ವಿಮರ್ಶೆಯ ಚರಿತ್ರೆಯಲ್ಲಿ ಒಂದು ಎಳೆ

1976ರ ಆರಂಭದಲ್ಲಿ ಇಂಗ್ಲೆಂಡಿನ ರೆಕಾರ್ಡ್ ಅಂಗಡಿಗಳಿಗೆ ಎರಡು ಎಲ್.ಪಿ.ಗಳ ಒಂದು ಕಟ್ಟು ಬಂತು. ಹೆಸರು ‘ಎ ಯಂಗ್ ಪರ್ಸನ್ಸ್ ಗೈಡ್ ಟು ಕಿಂಗ್ ಕ್ರಿಮ್ಸನ್’. ಈ ಪ್ರೊಗ್ರೆಸಿವ್ ರಾಕ್ (ಪ್ರೋಗ್) ಬ್ಯಾಂಡು 1974ರ ಸೆಪ್ಟೆಂಬರಿನಲ್ಲೇ ಮುಚ್ಚಿಹೋಗಿತ್ತು. ಬ್ಯಾಂಡು ಮುಚ್ಚಿದ ಮೇಲೆ ಹಳೆಯ ಹಾಡುಗಳನ್ನೇ ಹೊಸ ಕವರಿನಲ್ಲಿ ಸುತ್ತಿ ಮಾರುವುದು ರೆಕಾರ್ಡ್ ಕಂಪನಿಗಳ ಹಳೆಯ ಚಾಳಿ. ಗಿಟಾರ್ ವಾದಕ ರಾಬರ್ಟ್ ಫ್ರಿಪ್ ತಾನೇ ಕೂತು ಆರಿಸಿದ ಈ ಕಟ್ಟು ಮಾತ್ರ ಆ ಜಾತಿಯದಲ್ಲ. ಒಳಗೊಂದು ಪುಸ್ತಿಕೆ ಇತ್ತು. ಅದರಲ್ಲಿ ಬ್ಯಾಂಡಿನ ದಿನಚರಿ, ನಡುನಡುವೆ ಪತ್ರಿಕೆಗಳ ತುಣುಕುಗಳು, ಹೊಗಳಿಕೆಯ ಪಕ್ಕದಲ್ಲೇ ತೆಗಳಿಕೆ. ಇನ್ನು ತಟ್ಟೆಯ ಮೇಲೆ, ಅಭಿಮಾನಿಗಳಿಗೆ ಬಾಯಿಪಾಠವಾಗಿದ್ದ ‘ಐ ಟಾಕ್ ಟು ದ ವಿಂಡ್’ ಹಾಡಿನ ಜಾಗದಲ್ಲಿ ಅದರದೇ ಇನ್ನೊಂದು ರೂಪ: ಬ್ಯಾಂಡು ಹುಟ್ಟುವ ಮುಂಚೆ, 1968ರಲ್ಲಿ, ಲಂಡನ್ನಿನ ಬ್ರಾಂಡ್ಸ್‌ಬರಿ ರಸ್ತೆಯ ಮನೆಯೊಂದರಲ್ಲಿ ಟೇಪು ಮಾಡಿಕೊಂಡದ್ದು. ಹಾಡಿದವಳು ಫೇರ್‌ಪೋರ್ಟ್ ಕನ್ವೆನ್ಷನ್ ಬ್ಯಾಂಡನ್ನು ಬಿಟ್ಟುಬಂದಿದ್ದ ಜೂಡಿ ಡೈಬಲ್.

ಪತ್ರಿಕೆಯ ತೀರ್ಪು ಮತ್ತು ಮನೆಯ ಟೇಪು ಒಂದೇ ಕವರಿನೊಳಗೆ ಕೂತದ್ದನ್ನು ನಾನು ಆಕಸ್ಮಿಕವೆಂದು ಓದುವುದಿಲ್ಲ. ಪ್ರೊಗ್ರೆಸಿವ್ ರಾಕ್ ಸಂಗೀತದ ವಿಮರ್ಶೆಯ ಚರಿತ್ರೆಯನ್ನು ಸಾಮಾನ್ಯವಾಗಿ ಪತ್ರಿಕೆಗಳ ಕಡತದಿಂದಷ್ಟೇ ಬರೆಯುತ್ತಾರೆ: 1970ರ ಸುಮಾರಿಗೆ ಮೆಚ್ಚಿದರು, 1976ರ ಪಂಕ್ ಬಿರುಗಾಳಿಯಲ್ಲಿ ಉಗಿದರು, 1990ರ ದಶಕದಲ್ಲಿ ವಿಶ್ವವಿದ್ಯಾಲಯದವರು ಎತ್ತಿ ನಿಲ್ಲಿಸಿದರು. ಕಥೆ ಸುಳ್ಳಲ್ಲ, ಅರ್ಧ. ಉಳಿದರ್ಧ ಟೇಪುಗಳಲ್ಲಿದೆ. ಅಚ್ಚಾದ ವಿಮರ್ಶೆಗೆ ಅಭಿಮಾನಿಗಳು ಕೊಟ್ಟ ಗಟ್ಟಿ ಉತ್ತರ ಪ್ರತಿವಿಮರ್ಶೆಯಲ್ಲ, ಇನ್ನೊಂದು ರಾತ್ರಿಯ ಕಛೇರಿಯ ಟೇಪು. ಹಾಗೆ ಉತ್ತರ ಕೊಡುತ್ತ ಕೊಡುತ್ತ ಅವರು ತೀರ್ಪುಗಾರರಾಗಿ ಉಳಿಯದೆ ಪಾಠಸಂಪಾದಕರಾದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಈ ಲೋಕದ ಮಾತುಕತೆ ಅಪರಿಚಿತವೆನಿಸದು. ಇದು ಯಾವ ಮೂಲದ ಪ್ರತಿ, ಪ್ರತಿಯ ಪ್ರತಿಯೇ, ನಡುವೆ ಯಾರು ಕೈಹಾಕಿ ತಿದ್ದಿದರು, ಬಿಟ್ಟುಹೋದ ಭಾಗ ಬೇರೆ ಪ್ರತಿಯಲ್ಲಿ ಸಿಗುತ್ತದೆಯೇ? ಓಲೆಗರಿಯ ಬದಲು ಕ್ಯಾಸೆಟ್ಟು, ಅಷ್ಟೇ.

ಕಿಂಗ್ ಕ್ರಿಮ್ಸನ್ ಮೊದಲ ತಾಲೀಮು ನಡೆಸಿದ್ದು 1969ರ ಜನವರಿ 13ರಂದು, ಲಂಡನ್ನಿನ ಫುಲ್ಹಮ್ ಪ್ಯಾಲೇಸ್ ರಸ್ತೆಯ ಒಂದು ಕೆಫೆಯ ನೆಲಮಾಳಿಗೆಯಲ್ಲಿ. ಆರು ತಿಂಗಳು ತುಂಬುವ ಮುನ್ನ, ಜುಲೈ 5ಕ್ಕೆ, ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್‌ಗೆ ಮುಂಚೆ ಲಕ್ಷಗಟ್ಟಲೆ ಜನರೆದುರು ನುಡಿಸಿದರು. ಅಕ್ಟೋಬರ್ 10ಕ್ಕೆ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಹೊರಬಂತು. ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಅದನ್ನು ಮೇರುಕೃತಿಯೆಂದ. ಆ ಮಾತನ್ನು ಜಾಹೀರಾತಿಗೂ ಬಳಸಿದರು. ನ್ಯೂಯಾರ್ಕಿನ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ಅದಕ್ಕೆ ಕೊಟ್ಟ ದರ್ಜೆ ‘ಡಿ ಪ್ಲಸ್’. ಆ ಪ್ಲಸ್ ಕೂಡ ಟೌನ್‌ಶೆಂಡ್ ಮೆಚ್ಚಿದ್ದಕ್ಕೆ ಎಂದು ಸೇರಿಸಿದ. ತಮಾಷೆಯ ಮಾತು, ನಿಜ. ಆದರೆ ಮುಂದಿನ ಇಪ್ಪತ್ತು ವರ್ಷ ಪ್ರೋಗ್ ಸಂಗೀತದ ತಲೆಗೆ ಕಟ್ಟಲಿದ್ದ ಆರೋಪಪಟ್ಟಿ ಅಲ್ಲೇ ಸಿದ್ಧವಾಗಿತ್ತು: ಆಡಂಬರ, ಹುಸಿ ಘನತೆ, ರಾಕ್‌ನ ಒರಟುತನ ಇಲ್ಲದ್ದು.

ಈ ತೀರ್ಪಿನ ಆಧಾರ ಒಂದು ಎಲ್.ಪಿ. ಅಮೆರಿಕದಲ್ಲಿ ಬ್ಯಾಂಡನ್ನು ಕಣ್ಣಾರೆ ಕಂಡವರು ಕಡಿಮೆ. ವರ್ಷಾಂತ್ಯದ ಒಂದೇ ಪ್ರವಾಸದ ಕೊನೆಗೆ ಬ್ಯಾಂಡಿನ ಇಯಾನ್ ಮೆಕ್‌ಡೊನಾಲ್ಡ್, ಮೈಕೆಲ್ ಜೈಲ್ಸ್ ಇಬ್ಬರೂ ಹೊರನಡೆದಿದ್ದರು. ವೇದಿಕೆಯ ಮೇಲೆ ಇದೇ ಬ್ಯಾಂಡು ಏನು ಮಾಡುತ್ತಿತ್ತು ಎಂಬುದಕ್ಕೆ ಎಲ್.ಪಿ.ಯಲ್ಲಿ ಸಾಕ್ಷಿಯಿಲ್ಲ. ಸಂಯೋಜಕ ಹೋಲ್ಸ್ಟ್‌ನ ‘ಮಾರ್ಸ್’ ಅನ್ನು ಅವರು ಕಛೇರಿಯ ಕೊನೆಗೆ ನುಡಿಸುತ್ತಿದ್ದರು. ಡ್ರಮ್ಮಿನಲ್ಲಿ ಐದು ಮಾತ್ರೆಯ ಒಂದೇ ಪಟ್ಟು. ಅದರ ಮೇಲೆ ಮೆಲೊಟ್ರಾನಿನ ತಂತಿನಾದ ಮೊದಲು ಮಂಜಿನಂತೆ ಹಬ್ಬಿ, ಬರಬರುತ್ತ ಶ್ರುತಿ ಕದಲಿ, ಕೊನೆಗೆ ಗೋಡೆ ಕುಸಿದ ಹಾಗೆ ಬೀಳುತ್ತದೆ. ಡೊನೊವನ್ನನ ಒಂದು ಪುಟ್ಟ ಹಾಡು ಅವರ ಕೈಯಲ್ಲಿ ಸ್ಯಾಕ್ಸೊಫೋನಿನ ಉದ್ದಾನುದ್ದ ಮನೋಧರ್ಮವಾಗಿ ಬೆಳೆಯುತ್ತದೆ. ಇದನ್ನು ಕೇಳಿದವರಿಗೆ ನೆನಪಾಗುವುದು ಜಾಜ್ ಕ್ಲಬ್ಬು; ಒರಟುತನ ಸಾಲದು ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ.

ಮೆಲೊಟ್ರಾನಿನ ಬಗ್ಗೆ ಒಂದು ಮಾತು. ಅದು ಸ್ವತಃ ಟೇಪಿನ ಯಂತ್ರ. ಪ್ರತಿ ಮನೆಯ ಅಡಿಯಲ್ಲಿ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಯಾರೋ ಎಂದೋ ನುಡಿಸಿದ ಪಿಟೀಲು ಅಥವಾ ಕೊಳಲಿನ ಸುಮಾರು ಎಂಟು ಸೆಕೆಂಡಿನ ನಾದ. ಬೆರಳು ಒತ್ತಿದರೆ ಟೇಪು ಓಡುತ್ತದೆ, ಎಂಟು ಸೆಕೆಂಡಾದರೆ ಮುಗಿಯುತ್ತದೆ. ಈ ಸಂಗೀತದ ಗುರುತೇ ಆಗಿಹೋದ ವಾದ್ಯದ ಹೊಟ್ಟೆಯೊಳಗೆ ಒಂದು ಪುಟ್ಟ ದಾಖಲೆಖಾನೆ ಇತ್ತು ಎನ್ನುವುದು ನನಗೆ ಎಂದೂ ಹಳಸದ ಸೋಜಿಗ.

1969ರ ಆ ಕಛೇರಿಗಳು ಉಳಿದ ಬಗೆ ಅಷ್ಟೇನೂ ಗೌರವದ್ದಲ್ಲ. ಬಿಬಿಸಿಗೆ ಟೇಪು ದುಬಾರಿ ಸಾಮಾನು. ಪ್ರಸಾರವಾದ ಮೇಲೆ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸುತ್ತಿದ್ದರು. ಉಳಿಸಿದವರು ಮನೆಯಲ್ಲಿ ರೇಡಿಯೋದ ಪಕ್ಕ ಸ್ಪೂಲ್ ಯಂತ್ರ ಇಟ್ಟುಕೊಂಡಿದ್ದ ಕೇಳುಗರು. ಧಾರವಾಡದ ಕಡೆಯ ಬೈಠಕ್ಕುಗಳ ಟೇಪುಗಳು ಕೈಯಿಂದ ಕೈಗೆ ದಾಟಿದ್ದನ್ನು ಕಂಡ ನಮ್ಮ ಹಿಂದುಸ್ತಾನಿ ರಸಿಕರಿಗೆ ಇದನ್ನು ವಿವರಿಸಬೇಕಿಲ್ಲ. 1997ರಲ್ಲಿ ‘ಎಪಿಟಾಫ್’ ಎಂಬ ಹೆಸರಿನಲ್ಲಿ ಆ ವರ್ಷದ ಕಛೇರಿಗಳು ಅಧಿಕೃತವಾಗಿ ಹೊರಬಂದಾಗ, ಕೆಲವು ಭಾಗಗಳಿಗೆ ಸಿಕ್ಕ ಆಕರ ಕದ್ದು ಮುದ್ರಿಸಿದ ಬೂಟ್‌ಲೆಗ್ ತಟ್ಟೆಗಳೇ. ಫ್ರಿಪ್ ಮತ್ತು ಧ್ವನಿತಜ್ಞ ಡೇವಿಡ್ ಸಿಂಗಲ್ಟನ್ ಅವುಗಳ ಗೀರು, ಸದ್ದು ತೆಗೆದು, ವೇಗ ಸರಿಪಡಿಸಿ ಕೊಟ್ಟರು.

ವೇಗ ಸರಿಪಡಿಸುವ ಕೆಲಸ ನಿಜಕ್ಕೂ ಸಂಪಾದಕನ ಕೆಲಸ. ಅಮೆರಿಕದ ಕರೆಂಟಿನ ಗುಂಯ್‌ಗುಟ್ಟುವಿಕೆ 60 ಹರ್ಟ್ಸ್, ಇಂಗ್ಲೆಂಡಿನದು 50. ಟೇಪಿನ ತಳದಲ್ಲಿ ಆ ಗುಂಯ್ ಕೇಳಿಸುವಂತಿದ್ದರೆ ಅಳೆಯಬಹುದು. ನ್ಯೂಯಾರ್ಕಿನ ಕಛೇರಿಯೊಂದರ ಪ್ರತಿಯಲ್ಲಿ ಅದು 62 ತೋರಿಸಿದರೆ, ಪ್ರತಿ ಮಾಡುವಾಗ ಯಾವುದೋ ಯಂತ್ರ ಓಡೋಡಿ ಶ್ರುತಿಯನ್ನೇ ಏರಿಸಿದೆ ಎಂದರ್ಥ. ಹಿಸ್ ಎಂಬ ಸದ್ದು ಹೆಚ್ಚಿದಷ್ಟೂ ಪ್ರತಿಯ ಪೀಳಿಗೆ ಮೂಲದಿಂದ ದೂರ. ನುರಿತ ಸಂಗ್ರಾಹಕನ ಕಿವಿ ಸಂಗೀತ ಶುರುವಾಗುವ ಮೊದಲಿನ ಹತ್ತು ಸೆಕೆಂಡಿನಲ್ಲೇ ಇಷ್ಟನ್ನು ಓದಿಬಿಡುತ್ತದೆ.

ಈಗ ‘ಅರ್ತ್‌ಬೌಂಡ್’ ವಿಷಯ. ನನ್ನ ವಾದಕ್ಕೆ ಅತಿ ಒಳ್ಳೆಯ ಉದಾಹರಣೆ ಈ ಕೆಟ್ಟ ರೆಕಾರ್ಡು. 1972ರ ಆರಂಭದಲ್ಲಿ ಬ್ಯಾಂಡಿನಲ್ಲಿದ್ದ ಫ್ರಿಪ್, ಬಾಜ್ ಬರೆಲ್, ಮೆಲ್ ಕಾಲಿನ್ಸ್, ಇಯಾನ್ ವಾಲೇಸ್ ನಾಲ್ವರೂ ಒಳಗೊಳಗೇ ಮುರಿದುಕೊಂಡಿದ್ದರು. ಒಪ್ಪಿಕೊಂಡ ಅಮೆರಿಕ ಪ್ರವಾಸವನ್ನು ಮುಗಿಸಬೇಕಿತ್ತು. ಆ ಪ್ರವಾಸದ ತುಣುಕುಗಳು ಜೂನ್ ತಿಂಗಳಲ್ಲಿ ಐಲೆಂಡ್ ಕಂಪನಿಯ ಅಗ್ಗದ ಮಾಲೆಯಲ್ಲಿ ಬಂದವು. ಮುದ್ರಣ ಮಾಡಿದ್ದು ಮಿಕ್ಸರಿನಿಂದ ನೇರ ತಂತಿ ಎಳೆದು ಆಂಪೆಕ್ಸ್ ಕ್ಯಾಸೆಟ್ ಯಂತ್ರಕ್ಕೆ. ಕವರಿನ ಮೇಲೆಯೇ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿದ್ದರು. ಧ್ವನಿ ಕಳಪೆಯೆಂದು ಅಮೆರಿಕದಲ್ಲಿ ಅಟ್ಲಾಂಟಿಕ್ ಕಂಪನಿ ಅದನ್ನು ಬಿಡುಗಡೆ ಮಾಡಲೇ ಇಲ್ಲ. ಸೂಜಿ ಇಟ್ಟ ಕೂಡಲೇ ಗೊತ್ತಾಗುತ್ತದೆ: ಸ್ಯಾಕ್ಸೊಫೋನ್ ಹರಿದ ತಗಡಿನಂತೆ ಅರಚುತ್ತದೆ, ಹಾಡುವ ದನಿ ಒಡೆದಿದೆ, ‘ಗ್ರೂನ್’ ಎಂಬ ರಚನೆಯ ಡ್ರಮ್ಮು ಸಿಂಥಸೈಜರಿನೊಳಗೆ ಹೊಕ್ಕು ಗುಡುಗುಡು ಎಂದು ಹೊರಳುತ್ತದೆ.

ಹೀಗಾಗಿ ಆ ತಂಡದ ಹಣೆಬರಹ ಬಹಳ ಕಾಲ ಒಂದೇ ಸಾಲಿನಲ್ಲಿತ್ತು: 1969ರ ಮೇಧಾವಿಗಳಿಗೂ 1973ರ ಮೇಧಾವಿಗಳಿಗೂ ನಡುವಿನ ಸಡಿಲ ಬ್ಲೂಸ್ ಗುಂಪು. ಅದನ್ನು ಬದಲಿಸಿದ್ದು ಯಾವ ವಿಮರ್ಶಕನ ಲೇಖನವೂ ಅಲ್ಲ. ಡೆನ್ವರಿನ ಸಮಿಟ್ ಸ್ಟುಡಿಯೋದಲ್ಲಿ 1972ರ ಮಾರ್ಚ್ 12ರಂದು ಇದೇ ನಾಲ್ವರು ನುಡಿಸಿದ್ದು 2000ದಲ್ಲಿ ಸಂಗ್ರಾಹಕರ ಮಾಲೆಯಲ್ಲಿ ಬಂತು, 2002ರಲ್ಲಿ ‘ಲೇಡೀಸ್ ಆಫ್ ದ ರೋಡ್’ ಬಂತು, 2017ರಲ್ಲಿ 27 ತಟ್ಟೆಗಳ ‘ಸೇಲರ್ಸ್ ಟೇಲ್ಸ್’ ಪೆಟ್ಟಿಗೆ ಬಂತು. ಇನ್ನೊಂದು ತಮಾಷೆ: ಒಳ್ಳೆಯ ಟೇಪುಗಳು ಬಂದ ಮೇಲೆ ‘ಅರ್ತ್‌ಬೌಂಡ್’ನ ಕೆಟ್ಟ ಧ್ವನಿಗೂ ಮಾನ ಬಂತು. ಮೊದಲು ದೋಷವಾಗಿ ಕೇಳಿಸಿದ್ದು ಈಗ ಉಗ್ರತೆಯಾಗಿ ಕೇಳಿಸುತ್ತದೆ. ನನಗೂ ಹಾಗೆಯೇ ಕೇಳಿಸುತ್ತದೆ. ಇದರಲ್ಲಿ ಅಭಿಮಾನದ ಪಾಲೆಷ್ಟು, ಕಿವಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ.

‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ನದು ತದ್ವಿರುದ್ಧ ಕಥೆ. 1974ರಲ್ಲಿ ಇದನ್ನು ಸ್ಟುಡಿಯೋ ಆಲ್ಬಮ್ ಎಂದೇ ಕೇಳಿದವರು ಬಹಳ. ನಿಜದಲ್ಲಿ ಪೂರ್ತಿಯಾಗಿ ಸ್ಟುಡಿಯೋದಲ್ಲಿ ಆದದ್ದು ಮೊದಲಿನ ಎರಡು ಹಾಡು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹಿಂದಿನ ಶರತ್ಕಾಲದ ಕಛೇರಿಗಳಿಂದ, ಅದರಲ್ಲೂ 1973ರ ನವೆಂಬರ್ 23ರ ಆಮ್‌ಸ್ಟರ್‌ಡ್ಯಾಮಿನ ಕಛೇರಿಯಿಂದ ಎತ್ತಿಕೊಂಡು ಚಪ್ಪಾಳೆಯನ್ನು ಕತ್ತರಿಸಿದ್ದು. ‘ಟ್ರಯೊ’ ಅಲ್ಲಿ ಹುಟ್ಟಿದ್ದು: ಪಿಟೀಲು, ಬೇಸ್ ಮತ್ತು ಫ್ರಿಪ್‌ನ ಮೆಲೊಟ್ರಾನ್ ಮೂರೇ ಸೇರಿ, ಮೊದಲೇ ಗೊತ್ತುಮಾಡಿಕೊಳ್ಳದೆ ನುಡಿಸಿದ್ದು. ಡ್ರಮ್ ವಾದಕ ಬಿಲ್ ಬ್ರೂಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡವಾಗಿ ಹಿಡಿದು ಸುಮ್ಮನೆ ಕೂತಿದ್ದ, ಒಂದು ಪೆಟ್ಟನ್ನೂ ಹಾಕಲಿಲ್ಲ. ಆ ಸಂಯಮಕ್ಕೆಂದೇ ರಚನೆಯ ಶ್ರೇಯಸ್ಸಿನಲ್ಲಿ ಅವನ ಹೆಸರೂ ಸೇರಿತು. ಸ್ಟುಡಿಯೋ ರಚನೆಯೆಂದು ಕೇಳಿದರೆ ‘ಟ್ರಯೊ’ ಒಂದು ಚೆಂದದ ವಿರಾಮ. ಸಭೆಯ ಎದುರು ನಾಲ್ಕನೆಯವನು ಬೇಕೆಂದೇ ತಡೆದುಕೊಂಡ ಗಳಿಗೆ ಎಂದು ತಿಳಿದು ಕೇಳಿದರೆ ಆ ಮೌನಕ್ಕೆ ತೂಕ ಬರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಪೂರ್ತಿ ಕಛೇರಿ ‘ದ ನೈಟ್ ವಾಚ್’ ಎಂದು 1997ರಲ್ಲಿ ಬಂತು. ಅದಕ್ಕೆ ಎಷ್ಟೋ ಮೊದಲೇ ರೇಡಿಯೋ ಪ್ರಸಾರದಿಂದ ಹುಟ್ಟಿದ ಬೂಟ್‌ಲೆಗ್ಗುಗಳ ಮೂಲಕ ಸಂಗ್ರಾಹಕರಿಗೆ ಈ ಗುಟ್ಟು ಗೊತ್ತಿತ್ತು. ವಿಮರ್ಶಕರ ಕಪಾಟಿನಲ್ಲಿ ಮಾತ್ರ ಆ ತಟ್ಟೆಗಳಿರಲಿಲ್ಲ.

ಕದ್ದು ಮುದ್ರಿಸುವವರ ಬಗ್ಗೆ ಫ್ರಿಪ್‌ಗೆ ಇದ್ದ ಸಿಟ್ಟು ಲೋಕಪ್ರಸಿದ್ಧ. ಕಛೇರಿಯಲ್ಲಿ ಫೋಟೋ ತೆಗೆಯುವುದು, ಟೇಪು ಮಾಡುವುದು ಎರಡನ್ನೂ ಆತ ಸಂಗೀತದ ಮೇಲಿನ ಅತಿಕ್ರಮಣವೆಂದೇ ಕಂಡ. ಅಂಥವನೇ 1992ರಲ್ಲಿ ಸಿಂಗಲ್ಟನ್ ಜತೆ ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್ ಎಂಬ ರೆಕಾರ್ಡ್ ಕಂಪನಿ ಕಟ್ಟಿ, 1998ರಿಂದ ಸಂಗ್ರಾಹಕರ ಮಾಲೆ ತೆಗೆದು, ಕದ್ದ ಟೇಪುಗಳಿಗೂ ಮನೆಯ ಬಾಗಿಲು ತೆರೆದ. ಇದನ್ನು ಇಬ್ಬಂದಿತನವೆನ್ನುವುದು ಸುಲಭ. ನನಗೆ ಕಾಣುವುದು ಬೇರೆ: ಕಳ್ಳಮಾರಾಟವನ್ನು ನಿಲ್ಲಿಸಲಾಗದ ಕಲಾವಿದ ಅದಕ್ಕಿಂತ ಒಳ್ಳೆಯ ಪ್ರತಿಯನ್ನು ತಾನೇ ಕೊಟ್ಟು ಕಳ್ಳನ ಅಂಗಡಿಯನ್ನು ಖಾಲಿ ಮಾಡಿಸಿದ.

ಉಳಿದ ಬ್ಯಾಂಡುಗಳು ಅಲ್ಲಿಗೆ ಮುಟ್ಟಲು ಇನ್ನೂ ತಡವಾಯಿತು. ಪಿಂಕ್ ಫ್ಲಾಯ್ಡ್ 1974ರ ನವೆಂಬರಿನಲ್ಲಿ ಸ್ಟೋಕ್ ಊರಿನಲ್ಲಿ ನುಡಿಸಿದ್ದು ಬೂಟ್‌ಲೆಗ್ ಆಗಿ ಬಂದಾಗ, ಅದು ಬ್ಯಾಂಡಿನ ಹೊಸ ಆಲ್ಬಮ್ಮೇ ಎಂದು ನಂಬಿ ಕೊಂಡವರಿದ್ದರು. ಕ್ಯಾಲಿಫೋರ್ನಿಯಾದ ಮೈಕ್ ಮಿಲಾರ್ಡ್ ನಡೆಯಬಲ್ಲವನಾದರೂ ಗಾಲಿಕುರ್ಚಿಯಲ್ಲಿ ಕೂತು ಒಳಹೋಗಿ, ಕುರ್ಚಿಯಲ್ಲಿ ನಕಮಿಚಿ ಟೇಪು ಯಂತ್ರ ಅಡಗಿಸಿ, 1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸಿನಲ್ಲಿ ಫ್ಲಾಯ್ಡ್ ಕಛೇರಿಯನ್ನು ಹಿಡಿದ. ಐವತ್ತು ವರ್ಷದ ನಂತರ, 2025ರಲ್ಲಿ, ಅದೇ ಟೇಪನ್ನು ಸಂಗೀತಗಾರ ಸ್ಟೀವನ್ ವಿಲ್ಸನ್ ಕೈಯಲ್ಲಿ ಶುದ್ಧಮಾಡಿಸಿ ‘ವಿಶ್ ಯು ವರ್ ಹಿಯರ್’ನ ಸುವರ್ಣ ಆವೃತ್ತಿಗೆ ಸೇರಿಸಿದರು. ಮಿಲಾರ್ಡ್ ತೀರಿಕೊಂಡು ಮೂವತ್ತು ವರ್ಷ ಕಳೆದಿತ್ತು.

ಟೇಪುಗಳ ಈ ಹೊಳೆ ತುಂಬಿ ಹರಿದದ್ದರಿಂದ ಕೆಡುಕೂ ಆಗಿದೆ. ಕಿಂಗ್ ಕ್ರಿಮ್ಸನ್ನಿನ 2013ರ ‘ದ ರೋಡ್ ಟು ರೆಡ್’ ಪೆಟ್ಟಿಗೆಯಲ್ಲಿ 24 ತಟ್ಟೆಗಳಿವೆ; ಒಂದು ‘ರೆಡ್’ ಆಲ್ಬಮ್ಮಿಗಾಗಿ ಅಷ್ಟು ರಾತ್ರಿ. ಇದನ್ನು ವಿಮರ್ಶಿಸುವವನು ಆಲ್ಬಮ್ಮು ಹೇಗಿದೆ ಎಂದು ಬರೆಯುವುದಿಲ್ಲ, ಯಾವ ಊರಿನ ‘ಸ್ಟಾರ್‌ಲೆಸ್’ ಹಾಡು ಮೇಲು ಎಂದು ಬರೆಯುತ್ತಾನೆ. ಎಲ್ಲ ರಾತ್ರಿಗೂ ತಟ್ಟೆಯಾಗುವ ಯೋಗ್ಯತೆ ಇರುವುದಿಲ್ಲ. ಪಾಠಾಂತರ ಕಲೆಹಾಕುವ ಹುಮ್ಮಸ್ಸಿನಲ್ಲಿ ಕಾವ್ಯವನ್ನೇ ಮರೆತ ಸಂಪಾದಕರನ್ನು ನಾವೂ ಕಂಡಿದ್ದೇವೆ.

ಮೂಲಪಾಠ ಯಾವುದು ಎಂಬ ಪ್ರಶ್ನೆ ಎಲ್ಲಕ್ಕಿಂತ ಚುರುಕಾಗಿ ಚುಚ್ಚುವುದು ‘ಯುಎಸ್ಎ’ ಎಂಬ 1975ರ ರೆಕಾರ್ಡಿನಲ್ಲಿ. ಅದರ ಬಹುಪಾಲು 1974ರ ಜೂನ್ 28ರಂದು ನ್ಯೂಜೆರ್ಸಿಯ ಆಸ್ಬರಿ ಪಾರ್ಕಿನಲ್ಲಿ ನುಡಿಸಿದ್ದು. ಜಾನ್ ವೆಟ್ಟನ್ನನ ಬೇಸ್, ಬ್ರೂಫರ್ಡ್‌ನ ಡ್ರಮ್ಮು ಅಬ್ಬರಿಸುವಾಗ ಡೇವಿಡ್ ಕ್ರಾಸ್‌ನ ಪಿಟೀಲಿಗೆ ಜಾಗವೇ ಉಳಿಯುತ್ತಿರಲಿಲ್ಲ. ರೆಕಾರ್ಡು ಸಿದ್ಧಪಡಿಸುವಾಗ ಕೆಲವು ಕಡೆ ಅವನ ನುಡಿಕೆಯನ್ನು ತೆಗೆದು, ಎಡ್ಡಿ ಜಾಬ್‌ಸನ್ ಎಂಬ ಹುಡುಗನಿಂದ ಸ್ಟುಡಿಯೋದಲ್ಲಿ ಪಿಟೀಲು, ಪಿಯಾನೋ ತುಂಬಿಸಿದರು. ಆ ರಾತ್ರಿ ಆಸ್ಬರಿ ಪಾರ್ಕಿನಲ್ಲಿ ಇಲ್ಲದಿದ್ದವನ ಪಿಟೀಲನ್ನೇ ಒಂದು ಪೀಳಿಗೆ ಆ ರಾತ್ರಿಯ ಸಂಗೀತವೆಂದು ಕೇಳಿ ಬೆಳೆಯಿತು. ಕ್ರಾಸ್ ನುಡಿಸಿದ್ದೇ ಇರುವ ಆಸ್ಬರಿ ಪಾರ್ಕಿನ ಟೇಪು ಆಮೇಲೆ ಹೊರಬಂತು. ‘ಲಾರ್ಕ್ಸ್ ಟಂಗ್ಸ್’ ಎರಡನೆಯ ಭಾಗದಲ್ಲಿ ಅವನ ಕಮಾನು ಅಲ್ಲಲ್ಲಿ ಜಾರುತ್ತದೆ, ಗಿಟಾರಿನಡಿ ಮುಚ್ಚಿಹೋಗುತ್ತದೆ, ಮತ್ತೆ ಮೇಲೆ ಬರುತ್ತದೆ. ಜಾಬ್‌ಸನ್ನನದು ಎಲ್ಲೂ ಜಾರುವುದಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳುವಾಗ ನನ್ನ ಕೈ ಈಗಲೂ ಹೋಗುವುದು ಮೊದಲು ಕೊಂಡ ಜಾಬ್‌ಸನ್ನನ ಪ್ರತಿಗೇ.