ಮುಳ್ಳು ಸವೀಬೇಕೋ, ಪ್ಲೇಟು ಸವೀಬೇಕೋ?

ಇವತ್ತಿನ ಎಪಿಸೋಡ್ ಮನೇಲಿ ಟರ್ನ್‌ಟೇಬಲ್ ಇಟ್ಕೊಂಡಿರೋರಿಗೆ, ಮತ್ತೆ ತಗೋಬೇಕು ಅಂತ ಆಸೆ ಇರೋರಿಗೆ. ಪ್ಲೇಯರ್ ತಂದು ಸ್ವಲ್ಪ ದಿನ ಆದ್ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತೆ: ಕಾರ್ಟ್ರಿಡ್ಜ್ ಬದಲಾಯಿಸ್ಬೇಕಾ? ಬದಲಾಯಿಸಿದ್ರೆ ಯಾವುದು? ಕೆಲವು ಸಾವಿರದ್ದೂ ಇದೆ, ಲಕ್ಷ ದಾಟಿದ್ದೂ ಇದೆ. ಬೆಲೆ ನೋಡಿ ಆರಿಸೋದಕ್ಕಿಂತ ಈ ಪುಟ್ಟ ಡಬ್ಬಿಯ ಇತಿಹಾಸ ತಿಳ್ಕೊಂಡು ಆರಿಸೋದು ಸುಲಭ. ಯಾಕಂದ್ರೆ ನೂರು ವರ್ಷದಿಂದ ಎಂಜಿನಿಯರ್‌ಗಳು ತಲೆ ಕೆಡಿಸ್ಕೊಂಡಿದ್ದು ಒಂದೇ ವಿಷಯಕ್ಕೆ: ಮುಳ್ಳು ಸವೀಬೇಕೋ, ಪ್ಲೇಟು ಸವೀಬೇಕೋ?

ಮೊದಲು ಕಾರ್ಟ್ರಿಡ್ಜ್ ಅಂದ್ರೇನು ಅಂತ ನೋಡೋಣ. ಟೋನ್‌ಆರ್ಮ್ ತುದಿಯಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತಲ್ಲ, ಅದೇ. ಅದರ ಕೆಳಗಿರೋ ಸಣ್ಣ ಕಡ್ಡಿಯ ತುದಿಯಲ್ಲಿ ವಜ್ರದ ಮುಳ್ಳು, ಅಂದ್ರೆ ಸ್ಟೈಲಸ್. ರೆಕಾರ್ಡಿನ ಗ್ರೂವ್‌ನಲ್ಲಿ ಮುಳ್ಳು ಅಲುಗಾಡುತ್ತೆ, ಡಬ್ಬಿ ಅದನ್ನ ವಿದ್ಯುತ್ತಾಗಿ ಬದಲಾಯಿಸುತ್ತೆ. ಇಡೀ ಸಿಸ್ಟಮ್‌ನಲ್ಲಿ ಸಂಗೀತ ನುಡಿಸುವಾಗ ಗ್ರೂವ್‌ಗೆ ತಾಗೋದು ಆ ಮುಳ್ಳು ಮಾತ್ರ.

ಗ್ರಾಮಫೋನ್ ಕಾಲದಲ್ಲಿ ಈ ಡಬ್ಬಿ ಇರಲಿಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದಾಗ ತಯಾರಾದದ್ದು ಅರಗಿನ ಪ್ಲೇಟುಗಳು. ಆ ಅರಗಿನ ಬಹುಪಾಲು ಹೋಗ್ತಿದ್ದದ್ದು ನಮ್ಮ ದೇಶದಿಂದಲೇ. ಅರಗಿನ ಜೊತೆ ಕಲ್ಲಿನ ಪುಡಿಯನ್ನೂ ಬೆರೆಸ್ತಿದ್ರು. ಉಕ್ಕಿನ ಮುಳ್ಳು ಅದರ ಮೇಲೆ ಉಜ್ಜಿ, ಗ್ರೂವ್‌ನ ಆಕಾರಕ್ಕೆ ತಾನೇ ಸವೆದು ಹೊಂದಿಕೊಳ್ತಿತ್ತು. ಮೇಲಿಂದ ನೂರು ಗ್ರಾಂ ದಾಟಿದ ಭಾರ ಬೇರೆ! ಹಾಗಾಗಿ ಒಂದು ಕಡೆ ನುಡಿಸಿದ ಮೇಲೆ ಮುಳ್ಳು ಬದಲಾಯಿಸ್ಬೇಕು ಅನ್ನೋದು ನಿಯಮ. ಅವತ್ತಿನ ಲೆಕ್ಕ ಇಷ್ಟೇ: ಮುಳ್ಳು ಅಗ್ಗ, ಪ್ಲೇಟು ದುಬಾರಿ, ಅದಕ್ಕೇ ಮುಳ್ಳು ಸವೀಲಿ.

ಇಲ್ಲಿ ಮೈಸೂರಿನ ಒಂದು ಕೊಂಡಿ ಇದೆ. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರ್ ಹಣ ಕೊಟ್ಟು, ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನ ಲಂಡನ್ನಿನಲ್ಲಿ ಎಚ್‌ಎಂವಿಯಿಂದ ರೆಕಾರ್ಡ್ ಮಾಡಿಸಿದ್ರು. ಪಿಯಾನೋ ನುಡಿಸಿದ್ದು ಸ್ವತಃ ಮೆಟ್ನರ್. ತಮ್ಮ ಮೂರನೇ ಪಿಯಾನೋ ಕನ್ಚರ್ಟೊವನ್ನ ಅವರು ಮಹಾರಾಜರಿಗೇ ಅರ್ಪಿಸಿದ್ದಾರೆ. ಆ ರೆಕಾರ್ಡುಗಳು ಬಂದದ್ದು 78 ಆರ್‌ಪಿಎಂ ಪ್ಲೇಟುಗಳಲ್ಲಿ. ಅಷ್ಟು ಹೊತ್ತಿಗೆ, 1948ರಲ್ಲಿ, ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ ವಿನೈಲ್ ಎಲ್‌ಪಿ ಬಿಡುಗಡೆ ಮಾಡಿಯಾಗಿತ್ತು.

ಎಲ್‌ಪಿ ಬಂದು ಲೆಕ್ಕ ತಲೆಕೆಳಗಾಯ್ತು. ವಿನೈಲ್ ಮೆತ್ತಗಿನ ವಸ್ತು, ಗ್ರೂವ್ ಬಹಳ ಸಣ್ಣದು. ಈಗ ಮುಳ್ಳು ಗಟ್ಟಿ ಇರಬೇಕು, ಭಾರ ಕಮ್ಮಿ ಇರಬೇಕು. ಇವತ್ತಿನ ಸಾಮಾನ್ಯ ಕಾರ್ಟ್ರಿಡ್ಜ್ ಗ್ರೂವ್ ಮೇಲೆ ಬಿಡೋ ಭಾರ ಸುಮಾರು 2 ಗ್ರಾಂ. ಒಂದು ಎಚ್ಚರಿಕೆ: ಅಜ್ಜನ ಮನೆ ಅಟ್ಟದಲ್ಲಿ 78ರ ಪ್ಲೇಟು ಸಿಕ್ಕಿದ್ರೆ ಎಲ್‌ಪಿ ಮುಳ್ಳಲ್ಲಿ ನುಡಿಸ್ಬೇಡಿ. ಅಗಲವಾದ ಗ್ರೂವ್‌ನಲ್ಲಿ ಆ ಮುಳ್ಳು ತಳಕ್ಕೆ ಹೋಗಿ ಗೀಚುತ್ತೆ. ಅದಕ್ಕೆ ಬೇರೆ ದಪ್ಪನೆಯ ಸ್ಟೈಲಸ್ ಸಿಗುತ್ತೆ.

1950ರ ದಶಕದ ಕೊನೆಯಲ್ಲಿ ಸ್ಟೀರಿಯೋ ಬಂತು. ಗ್ರೂವ್‌ನ ಒಂದು ಗೋಡೆಯಲ್ಲಿ ಎಡ ಚಾನೆಲ್, ಇನ್ನೊಂದರಲ್ಲಿ ಬಲ. ಆಗ ಗಟ್ಟಿಯಾಗಿ ನಿಂತದ್ದು ಎರಡು ದಾರಿ. ಒಂದು ಮೂವಿಂಗ್ ಮ್ಯಾಗ್ನೆಟ್: ಕಡ್ಡಿಗೆ ಪುಟ್ಟ ಆಯಸ್ಕಾಂತ ಅಂಟಿರುತ್ತೆ, ಕಾಯಿಲ್ ಡಬ್ಬಿಯೊಳಗೆ ಅಲ್ಲಾಡದೆ ಕೂತಿರುತ್ತೆ. ಶೂರ್ ಕಂಪನಿ 1958ರಲ್ಲಿ ತಂದ ಎಂ3ಡಿ ಈ ಥರದ್ದು. ಇದರ ದೊಡ್ಡ ಅನುಕೂಲ ಅಂದ್ರೆ, ಸವೆದ ಮುಳ್ಳನ್ನ ಕೈಯಲ್ಲೇ ಎಳೆದು ಹೊಸದು ಹಾಕಬಹುದು. ಇನ್ನೊಂದು ಮೂವಿಂಗ್ ಕಾಯಿಲ್: ಇಲ್ಲಿ ಅಲುಗಾಡೋದು ಕಾಯಿಲ್. ಡೆನ್ಮಾರ್ಕಿನ ಆರ್ಟೊಫೋನ್ ಎಸ್‌ಪಿಯು, ಜಪಾನಿನ ರೇಡಿಯೋಗೋಸ್ಕರ ಎನ್‌ಎಚ್‌ಕೆ ಜೊತೆ ಸೇರಿ ಡೆನಾನ್ ಮಾಡಿದ ಡಿಎಲ್-103, ಇವೆಲ್ಲ ಈ ಕುಟುಂಬ. ಡಿಎಲ್-103 ಅರವತ್ತು ವರ್ಷವಾದರೂ ತಯಾರಾಗ್ತಾ ಇದೆ. ಇವುಗಳ ದನಿ ಸೂಕ್ಷ್ಮ, ಆದ್ರೆ ಸಿಗ್ನಲ್ ಬಡಕಲು. ಡಿಎಲ್-103 ಕೊಡೋದು 0.3 ಮಿಲಿವೋಲ್ಟ್, ಮೂವಿಂಗ್ ಮ್ಯಾಗ್ನೆಟ್ ಅದರ ಹತ್ತು ಪಟ್ಟು ಕೊಡುತ್ತೆ. ಹಾಗಾಗಿ ಇದಕ್ಕೆ ತಕ್ಕ ಫೋನೋ ಆಂಪ್ಲಿಫೈಯರ್ ಬೇಕು. ಮುಳ್ಳು ಸವೆದ್ರೆ ಸಾಮಾನ್ಯವಾಗಿ ಇಡೀ ಡಬ್ಬಿಯೇ ಹೋಗ್ಬೇಕು, ಇಲ್ಲವೇ ರಿಪೇರಿಗೆ ಕಳಿಸ್ಬೇಕು.

ಮೂರನೇ ತಿರುವು ಮುಳ್ಳಿನ ಆಕಾರದ್ದು. ರೆಕಾರ್ಡ್ ಕೊರೆಯೋ ಉಳಿ ಚೂಪು, ನುಡಿಸೋ ಮುಳ್ಳು ಮಾತ್ರ ಗುಂಡಗೆ. ಗುಂಡನೆಯದು ಸಣ್ಣ ತಿರುವುಗಳೊಳಗೆ ಇಳಿಯಲ್ಲ. ಅದಕ್ಕೆ ಎಲಿಪ್ಟಿಕಲ್ ಬಂತು. 1970ರ ದಶಕದಲ್ಲಿ ನಾಲ್ಕು ಚಾನೆಲ್ಲಿನ ಸಿಡಿ-4 ರೆಕಾರ್ಡು ಬಂದಾಗ, ನಮ್ಮ ಕಿವಿಗೇ ಕೇಳದ 45 ಕಿಲೋಹರ್ಟ್ಜ್‌ವರೆಗೆ ಓದಬೇಕಾಯ್ತು. ಜೆವಿಸಿಯ ನೊರಿಯೊ ಶಿಬಾಟಾ ರೂಪಿಸಿದ ಮುಳ್ಳು ಅದಕ್ಕೇ ಹುಟ್ಟಿದ್ದು. ಆ ರೆಕಾರ್ಡುಗಳು ಬೇಗ ಮಾಯವಾದ್ವು, ಆದ್ರೆ ಮುಳ್ಳು ಉಳಿಯಿತು. ಅದು ಗ್ರೂವ್ ಗೋಡೆಗೆ ಉದ್ದವಾಗಿ ತಾಗೋದರಿಂದ ಒತ್ತಡ ಹಂಚಿಹೋಗುತ್ತೆ, ಸವೆತ ಕಮ್ಮಿ.

ಈಗ ಬಿಕಾಂ ಬುದ್ಧಿ ಉಪಯೋಗಿಸೋಣ. ಆಡಿಯೋ-ಟೆಕ್ನಿಕಾ ಕಂಪನಿ ಎಲಿಪ್ಟಿಕಲ್ ಮುಳ್ಳಿಗೆ ಸುಮಾರು 300 ಗಂಟೆ, ಮೈಕ್ರೋಲೀನಿಯರ್‌ಗೆ ಸುಮಾರು 1,000 ಗಂಟೆ ಆಯಸ್ಸು ಹೇಳುತ್ತೆ. ಬೆಲೆ ಮೂರು ಪಟ್ಟು ಇದ್ರೂ ಗಂಟೆಯ ಲೆಕ್ಕದಲ್ಲಿ ಮೈಕ್ರೋಲೀನಿಯರೇ ಸ್ವಲ್ಪ ಅಗ್ಗ. ದಿನಕ್ಕೊಂದು 40 ನಿಮಿಷದ ಎಲ್‌ಪಿ ಕೇಳೋರಿಗೆ 300 ಗಂಟೆ ಅಂದ್ರೆ ಹದಿನೈದು ತಿಂಗಳು. ಸವೆದ ಮುಳ್ಳನ್ನ ಹಾಗೇ ಓಡಿಸಿದ್ರೆ ಅದು ರೆಕಾರ್ಡನ್ನ ಕೆರೆಯುತ್ತೆ. ಮುಳ್ಳು ಮತ್ತೆ ಸಿಗುತ್ತೆ, ಈಗ ಎಲ್ಲೂ ಮಾರಾಟಕ್ಕಿಲ್ಲದ ಹಳೇ ಎಲ್‌ಪಿ ಮತ್ತೆ ಸಿಗಲ್ಲ. ನಿಜವಾದ ನಷ್ಟ ಅಲ್ಲಿರೋದು.

ಬಿಡಿಭಾಗ ಸಿಗುತ್ತಾ ಅಂತಲೂ ನೋಡಿ. 1964ರಿಂದ ಹೆಸರುವಾಸಿಯಾಗಿದ್ದ ವಿ15 ಸಾಲಿನ ಶೂರ್, 2018ರಲ್ಲಿ ಕಾರ್ಟ್ರಿಡ್ಜ್ ವ್ಯವಹಾರವನ್ನೇ ನಿಲ್ಲಿಸ್ತು. ನಾಲ್ಕು ವರ್ಷ ಬಿಟ್ಟು, 2022ರಲ್ಲಿ, ಅಮೆರಿಕದಲ್ಲಿ ಸಿಡಿಗಿಂತ ಹೆಚ್ಚು ವಿನೈಲ್ ರೆಕಾರ್ಡುಗಳು ಮಾರಾಟವಾದ್ವು! ಹಳೇ ಶೂರ್ ಇರೋರ ಕೈ ಹಿಡಿದಿದ್ದು ಜಪಾನಿನ ಜೈಕೋ. ಒಂದು ಕಾಲದಲ್ಲಿ ಹೊಲಿಗೆ ಸೂಜಿ ಮಾಡ್ತಿದ್ದ ಕಂಪನಿ ಅದು.

ಕೊನೇದಾಗಿ ಹೊಂದಾಣಿಕೆ. ಆರ್ಮ್‌ನ ತೂಕ, ಕಡ್ಡಿಯ ಸ್ಪ್ರಿಂಗಿನಂಥ ಗುಣ, ಎರಡೂ ಸೇರಿ ತಮ್ಮದೇ ಒಂದು ಕಂಪನ ಹುಟ್ಟಿಸ್ತವೆ. ಅದು 8ರಿಂದ 12 ಹರ್ಟ್ಜ್ ನಡುವೆ ಇದ್ರೆ ಒಳ್ಳೇದು. ಕೆಳಗೆ ಹೋದ್ರೆ ಸೊಟ್ಟಗಿರೋ ರೆಕಾರ್ಡು ಮುಳ್ಳನ್ನ ಕುಣಿಸುತ್ತೆ, ಮೇಲೆ ಹೋದ್ರೆ ಸಂಗೀತದೊಳಗೆ ತಲೆ ಹಾಕುತ್ತೆ. ಬಿಗಿಯಾದ ಡಿಎಲ್-103 ಅನ್ನ ಹಗುರ ಆರ್ಮಿಗೆ ಕಟ್ಟಿದ್ರೆ ಲಾರಿ ಸ್ಪ್ರಿಂಗನ್ನ ಸ್ಕೂಟರಿಗೆ ಹಾಕಿದ ಹಾಗೆ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ನಿಮ್ಮ ಪ್ಲೇಯರಲ್ಲಿ ಕಾರ್ಟ್ರಿಡ್ಜ್ ಬದಲಾಗುತ್ತಾ ನೋಡಿ, ಸೂಟ್‌ಕೇಸ್ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಆಗಲ್ಲ. ಆಮೇಲೆ ಆರ್ಮಿಗೆ ಹೊಂದುತ್ತಾ, ಆಂಪ್ಲಿಫೈಯರಿಗೆ ಹೊಂದುತ್ತಾ ನೋಡಿ. ಡಬ್ಬಿ ಚೆನ್ನಾಗಿದ್ದು ಮೇಲ್ದರ್ಜೆಯ ಸ್ಟೈಲಸ್ ಅದಕ್ಕೇ ಕೂರೋದಾದ್ರೆ, ಸ್ಟೈಲಸ್ ಮಾತ್ರ ಬದಲಾಯಿಸಿ. ಆಡಿಯೋ-ಟೆಕ್ನಿಕಾದ ವಿಎಂ95 ಸಾಲು ಇದಕ್ಕೊಂದು ಉದಾಹರಣೆ: ಒಂದೇ ಡಬ್ಬಿಗೆ ಗುಂಡನೆಯ ಮುಳ್ಳಿಂದ ಶಿಬಾಟಾವರೆಗೆ, 78ರದ್ದೂ ಸೇರಿ, ಎಲ್ಲ ಕೂರುತ್ತೆ. ಉಳಿದ ದುಡ್ಡಲ್ಲಿ ರೆಕಾರ್ಡ್ ತಗೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮ ಮುಳ್ಳು ಎಷ್ಟು ಗಂಟೆ ಓಡಿದೆ ಅಂತ ಇವತ್ತೇ ಒಂದು ಲೆಕ್ಕ ಹಾಕಿ. ಮುಂದಿನ ಎಪಿಸೋಡಲ್ಲಿ ಸಿಗೋಣ.