ಹಿತ್ತಾಳೆ ತೋಟಾದ ಸೊಂಟಪಟ್ಟಿ

ಮೊನ್ನೆ ಬೊರಿವಲಿ ಲೋಕಲ್ಲಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರನ್ನು ಮತ್ತೆ ಓದಿದೆ. ಬಿ.ಕಾಂ. ಓದಿದ ಬ್ಯಾಂಕಿನವನು ನಾನು, ಕೋವಿ ಮುಟ್ಟಿದವನಲ್ಲ. ಆದರೂ ಅವರ .405 ವಿಂಚೆಸ್ಟರಿನ ತೋಟಾದ ಬಗ್ಗೆ ಕುತೂಹಲ ಹುಟ್ಟಿತು.

ಆ ತೋಟಾದ ಬುಡಕ್ಕೆ ಅಂಚಿತ್ತು. ಕೋವಿಯೊಳಗೆ ಎಷ್ಟು ಹೋಗಬೇಕೋ ಅಲ್ಲಿಗೆ ಅದೇ ತಡೆಯುತ್ತಿತ್ತು. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ತಂದ .375 ಮ್ಯಾಗ್ನಂಗೆ ಅಂಚಿಲ್ಲ, ಹೆಗಲೂ ತೀರಾ ಇಳಿಜಾರು. ತಡೆಯಲೆಂದೇ ಬುಡದ ಹತ್ತಿರ ಒಂದು ಪಟ್ಟಿ ಇಟ್ಟರು. 1963ರ .300 ವಿಂಚೆಸ್ಟರ್ ಮ್ಯಾಗ್ನಂಗೆ ಹೆಗಲು ಗಟ್ಟಿಯಾಗಿಯೇ ಇತ್ತು, ಆದರೂ ಪಟ್ಟಿ ಉಳಿಯಿತು. ನಮ್ಮ ಬ್ಯಾಂಕಿನ ಹಳೇ ಫಾರಂಗಳ ಹಾಗೆ!

ಅಪಾಯ ಇರುವುದು ಇಲ್ಲೇ. ಖಾಲಿ ತೋಟಾವನ್ನು ಮತ್ತೆ ತುಂಬುವವರು ಪಟ್ಟಿಯನ್ನೇ ನಂಬಿ ಹೆಗಲನ್ನು ಅತಿಯಾಗಿ ಹಿಂದೆ ತಳ್ಳಿದರೆ, ಹಾರಿಸಿದಾಗಲೆಲ್ಲ ಪಟ್ಟಿಯ ಮುಂದಿನ ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ಕೊನೆಗೊಮ್ಮೆ ಬುಡವೇ ಕಳಚಿ ಬಿಸಿ ಅನಿಲ ಮುಖಕ್ಕೆ ನುಗ್ಗಬಹುದು. ಬಲ್ಲವರು ಹೆಗಲಿನ ಅಳತೆ ಹಿಡಿದು, ಇಂಚಿನ ಸಾವಿರದಲ್ಲಿ ಒಂದೆರಡು ಪಾಲಷ್ಟೇ ಹಿಂದೆ ಸರಿಸುತ್ತಾರೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಆಡಿಸಿ, ತೋಡು ತಾಗಿದರೆ ಆ ತೋಟಾವನ್ನು ಎಸೆದುಬಿಡುತ್ತಾರೆ.

ಕ್ಯಾಶಿನಲ್ಲಿ ದಿನವೂ ನಾಲ್ಕಾಣೆ ವ್ಯತ್ಯಾಸ ಬಿಟ್ಟವನ ಗತಿಯೂ ಇದೇ ಅಲ್ಲವೇ? ನೀವೇನಂತೀರಿ?